ಕುಂಭಕರ್ಣ ಎಂಬ ಸರ್ವರು

ನಮ್ಮ ಆಫೀಸಿನ ಸರ್ವರುಗಳಿಗೆಲ್ಲ ರಾಮಾಯಣದ ಹೆಸರು. ಇಟ್ಟವರು ಯಾರೋ ಹಳಬರು, ಈಗ ಕೆಲಸದಲ್ಲಿಲ್ಲ. ಹೆಸರುಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಎಲ್ಲರ ಕೋಡೂ ಬಂದು ಸೇರುವ ಮುಖ್ಯ ಸರ್ವರು ರಾಮ. ಬಿಲ್ಡ್ ಮಾಡುವ ಯಂತ್ರ ವಾಲಿ. ಅದರೆದುರು ಯಾರು ಕೂತರೂ ಅವರ ಅರ್ಧ ಶಕ್ತಿ ಅದಕ್ಕೇ ಹೋಗುತ್ತದೆ. ಗ್ರಾಹಕರು ಬಳಸುವ ಸರ್ವರಿನ ವೇಷ ತೊಟ್ಟು ಹೊಸಬರ ದಾರಿ ತಪ್ಪಿಸುವ ಟೆಸ್ಟಿಂಗ್ ಯಂತ್ರ ಮಾರೀಚ. ವಾರಂಟಿ ಮುಗಿದು ಒಂದು ಯುಗವಾದರೂ ಮೂಲೆಯಲ್ಲಿ ಗುರ್ರೆನ್ನುತ್ತ, ಬೇರೆ ಯಾರಿಗೂ ನೆನಪಿಲ್ಲದ ಹಳೆಯ ಲೆಕ್ಕಪತ್ರದ ಸಾಫ್ಟ್‌ವೇರನ್ನು ಕಾಪಾಡಿಕೊಂಡಿರುವುದು ಜಾಂಬವಂತ. ರಾಮನಲ್ಲಿ ಆದದ್ದನ್ನೆಲ್ಲ ಐದೈದು ನಿಮಿಷಕ್ಕೊಮ್ಮೆ ನೋಡಿ ತನ್ನಲ್ಲೂ ಹಾಗೇ ಮಾಡಿಕೊಳ್ಳುವ ಸರ್ವರಿಗೆ ಲಕ್ಷ್ಮಣ ಎಂದಲ್ಲದೆ ಬೇರೆ ಏನೆಂದು ಹೆಸರಿಡುವುದು?

ಈ ಲಕ್ಷ್ಮಣನ ಉಸ್ತುವಾರಿ ನನ್ನದು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹಿರಿಯರು "ಏನಪ್ಪಾ ಕೆಲಸ?" ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. "ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ಹಾಗ್ಹಾಗೇ ಬರುವಂತೆ ನೋಡಿಕೊಳ್ಳೋದು" ಎಂದೆ ಒಮ್ಮೆ. ಅವರು ಹೋಳಿಗೆ ಮುರಿಯುತ್ತ ಸ್ವಲ್ಪ ಯೋಚಿಸಿ, "ಅದಕ್ಕೆ ಇಂಜಿನಿಯರಿಂಗ್ ಯಾಕೆ? ಜೆರಾಕ್ಸ್ ಅಂಗಡಿ ಇಟ್ಟಿದ್ದರೆ ಸ್ವಂತದ್ದೊಂದು ವ್ಯಾಪಾರವಾದರೂ ಆಗ್ತಿತ್ತು" ಎಂದರು. ತೆಗೆದು ಹಾಕುವ ಮಾತಲ್ಲ ಅದು.

ಹೊರಗಿನವರಿಗಾಗಿ ಎರಡು ಮಾತು. ಸಾಫ್ಟ್‌ವೇರ್ ಬರೆಯುವವರು ಬರೆದದ್ದನ್ನು ಸುಮ್ಮನೆ ಫೋಲ್ಡರಿನಲ್ಲಿ ಇಡುವುದಿಲ್ಲ. ಯಾವ ಸಾಲನ್ನು ಯಾರು, ಯಾವತ್ತು, ಯಾಕೆ ಬದಲಿಸಿದರು ಎಂಬ ಚರಿತ್ರೆ ಸಮೇತ ಒಂದು ರೆಪಾಸಿಟರಿಯಲ್ಲಿ ಇಡುತ್ತಾರೆ. ಈ ಪದ್ಧತಿಗೆ ಅರ್ಧ ಶತಮಾನ ದಾಟಿದೆ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಬರೆದರು. ಎಂಬತ್ತರ ದಶಕದಲ್ಲಿ ಆರ್‌ಸಿಎಸ್, ಸಿವಿಎಸ್ ಬಂದವು. 2000ದಲ್ಲಿ ಸಬ್‌ವರ್ಷನ್ ಶುರುವಾಯಿತು. ಲಿನಕ್ಸ್ ಬಳಗ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸುತ್ತಿತ್ತು. 2005ರಲ್ಲಿ ಆ ಸವಲತ್ತು ತಪ್ಪಿತು. ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಕೂತು ಏಪ್ರಿಲ್ ತಿಂಗಳ ಕೆಲವೇ ದಿನಗಳಲ್ಲಿ ಗಿಟ್ ಎಂಬುದನ್ನು ಬರೆದು ನಿಲ್ಲಿಸಿದರು. ಇವತ್ತು ಭೂಮಿಯ ಮೇಲಿನ ಬಹುಪಾಲು ಕೋಡು ಅದರಲ್ಲೇ ಇದೆ.

ಗಿಟ್ಟಿನ ವಿಶೇಷವೆಂದರೆ ಯಾರು ಕ್ಲೋನ್ ಮಾಡಿಕೊಂಡರೂ ಚರಿತ್ರೆ ಪೂರ್ತಿ ಅವರ ಲ್ಯಾಪ್‌ಟಾಪಿಗೆ ಬರುತ್ತದೆ. "ಹಾಗಿದ್ದ ಮೇಲೆ ಲಕ್ಷ್ಮಣ ಯಾಕೆ?" ಎಂದು ಪ್ರತಿ ಬಜೆಟ್ಟಿನ ಹೊತ್ತಿಗೆ ಮ್ಯಾನೇಜರು ಕೇಳುತ್ತಾರೆ. ಎಲ್ಲರ ಬಳಿಯೂ ಪ್ರತಿ ಇದೆ ನಿಜ. ಆದರೆ ಕೊನೆಯದ್ದು ಯಾರ ಬಳಿ ಇದೆ, ಕೋಡಿನ ಕವಲುಗಳಾದ ಎಲ್ಲ ಬ್ರಾಂಚುಗಳೂ ಯಾರ ಬಳಿ ಇವೆ ಎಂದು ಎದೆ ತಟ್ಟಿ ಹೇಳುವವರಿಲ್ಲ. ಇನ್ನೊಂದು ಊರಿನ ಶಾಖೆಯವರು ಪ್ರತಿ ಸಲ ರಾಮನ ತನಕ ಬಂದು ಹೋಗುವುದಕ್ಕಿಂತ ಹತ್ತಿರದ ಲಕ್ಷ್ಮಣನಿಂದ ಎತ್ತಿಕೊಂಡರೆ ಬೇಗ. ಇನ್ನು ಪರರ ಮನೆಯಲ್ಲಿ ಇಟ್ಟ ಕೋಡಿನ ಪಾಡು ಬೇರೆ. ಗಿಟೋರಿಯಸ್ 2015ರಲ್ಲಿ ಬಾಗಿಲು ಹಾಕಿತು. ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಎರಡೂ ಮುಂಚಿತವಾಗಿ ತಿಳಿಸಿಯೇ ಮುಚ್ಚಿದವು, ಆದರೆ ಕೋಡಿನ ಒಡೆಯರಲ್ಲಿ ಎಷ್ಟೋ ಜನ ಅಷ್ಟರೊಳಗೆ ಬೇರೆ ಕೆಲಸ, ಬೇರೆ ಸಂಸಾರ ಹೂಡಿರುತ್ತಾರೆ. ನಾನು ಗುಬ್ಬಿ, ನವಿಲು ಎಂಬ ನಮ್ಮ ಕನ್ನಡದ ಮುಕ್ತ ಫಾಂಟುಗಳ ಮೂಲವನ್ನೂ ಲಕ್ಷ್ಮಣನಲ್ಲಿ ಒಂದು ಮೂಲೆಗೆ ಇಳಿಸಿಟ್ಟುಕೊಂಡಿದ್ದೇನೆ. ಆಫೀಸಿಗೆ ಅದರಿಂದ ಲಾಭವಿಲ್ಲ, ನಷ್ಟವೂ ಇಲ್ಲ.

ಲಕ್ಷ್ಮಣನಂಥ ಸಿಂಕ್ ಸರ್ವರು ಕಟ್ಟುವುದು ಕಾಗದದ ಮೇಲೆ ಎರಡು ಸಾಲಿನ ಕೆಲಸ. ಗಿಟ್ ಕ್ಲೋನ್ ಎಂಬ ಆಜ್ಞೆಗೆ ಮಿರರ್ ಎಂದು ಬಾಲ ಸೇರಿಸಿದರೆ ಒಂದು ಬರಿಯ ಭಂಡಾರ ಇಳಿಯುತ್ತದೆ: ಎಲ್ಲ ಬ್ರಾಂಚು, ಎಲ್ಲ ಟ್ಯಾಗು. ಆಮೇಲೆ ಗಿಟ್ ರಿಮೋಟ್ ಅಪ್‌ಡೇಟ್ ಎಂಬುದನ್ನು ಪ್ರೂನ್ ಸಮೇತ, ಅಂದರೆ ಅಲ್ಲಿ ಅಳಿದದ್ದನ್ನು ಇಲ್ಲೂ ಅಳಿಸುವಂತೆ, ಐದು ನಿಮಿಷಕ್ಕೊಮ್ಮೆ ಓಡಿಸಲು ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ಗೆ ಹೇಳಿದರೆ ಮುಗಿಯಿತು. ಯೂಟ್ಯೂಬಿನಲ್ಲಿ ಇದನ್ನು ಕಲಿಸುವ ಹುಡುಗರು ಇಲ್ಲಿಗೆ ನಿಲ್ಲಿಸಿ ಲೈಕ್ ಕೇಳುತ್ತಾರೆ. ನಮಗೆ ಸಂಬಳ ಬರುವುದು ಇಲ್ಲಿಂದ ಮುಂದಿನದಕ್ಕೆ.

ಮೊದಲನೆಯದು ಕೀಲಿಯ ತಾಪತ್ರಯ. ಲಕ್ಷ್ಮಣ ರಾಮನ ಬಳಿ ಹೋಗಲು ಒಂದು ಎಸ್‌ಎಸ್‌ಎಚ್ ಕೀ ಬೇಕು. ಅದರ ಕಡತಕ್ಕೆ ಅನುಮತಿ 600 ಇರಬೇಕು, ಅಂದರೆ ಒಡೆಯ ಬಿಟ್ಟು ಬೇರೆ ಯಾರೂ ಓದಕೂಡದು. 644 ಇದ್ದರೆ ಎಸ್‌ಎಸ್‌ಎಚ್ ದೊಡ್ಡಕ್ಷರದಲ್ಲಿ ಕೂಗಾಡಿ ಆ ಕೀಲಿಯನ್ನು ಮುಟ್ಟುವುದಕ್ಕೂ ಒಪ್ಪುವುದಿಲ್ಲ. ಈ ಮಡಿ ನನಗೆ ಇಷ್ಟ. ಎರಡನೆಯದು ಗುರುತಿನ ಪ್ರಶ್ನೆ. ಹೊಸ ಸರ್ವರನ್ನು ಮೊದಲ ಸಲ ಕಂಡಾಗ ಎಸ್‌ಎಸ್‌ಎಚ್ "ಇವರನ್ನು ನಂಬಲೇ?" ಎಂದು ಕೇಳುತ್ತದೆ. ಮನುಷ್ಯನಾದರೆ ಓದದೆಯೇ ಯೆಸ್ ಒತ್ತುತ್ತಾನೆ. ಕ್ರಾನ್‌ಗೆ ಬಾಯಿಲ್ಲ, ಅದು ಉತ್ತರ ಕೊಡಲಾಗದೆ ಸದ್ದಿಲ್ಲದೆ ಸೋಲುತ್ತದೆ. 2023ರ ಮಾರ್ಚ್ 24ರಂದು ಗಿಟ್‌ಹಬ್ ಎಂಬ ಕೋಡಿನ ತಾಣ ತನ್ನ ಆರ್‌ಎಸ್‌ಎ ಕೀಯನ್ನು ರಾತ್ರೋರಾತ್ರಿ ಬದಲಿಸಿತು. ಅದರ ಖಾಸಗಿ ಕೀಲಿ ಸ್ವಲ್ಪ ಹೊತ್ತು ಒಂದು ಸಾರ್ವಜನಿಕ ರೆಪಾಸಿಟರಿಯಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು. ಹಳೆಯ ಕೀಲಿಯನ್ನು ನೆನಪಿಟ್ಟುಕೊಂಡಿದ್ದ ಲಕ್ಷ್ಮಣರೆಲ್ಲ ಜಗತ್ತಿನಾದ್ಯಂತ "ಇವರು ಅವರಲ್ಲ" ಎಂದು ಹೊಸ್ತಿಲಲ್ಲೇ ನಿಂತುಬಿಟ್ಟರು. ನಿಂತದ್ದು ಸರಿಯೇ. ಬೇಸತ್ತ ಕೆಲವರು ಈ ಪರೀಕ್ಷೆಯನ್ನೇ ಆಫ್ ಮಾಡುವ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಯಾರು ಬಂದು ನಾನೇ ಗಿಟ್‌ಹಬ್ ಎಂದರೂ ಆ ಸರ್ವರು ನಂಬುತ್ತದೆ.

ಕ್ರಾನಿನದ್ದೇ ಒಂದು ಪುರಾಣ. ಕೈಯಲ್ಲಿ ಓಡಿಸಿದಾಗ ನೆಟ್ಟಗೆ ಓಡುವ ಸ್ಕ್ರಿಪ್ಟು ಕ್ರಾನಿನಲ್ಲಿ ಓಡುವುದಿಲ್ಲ, ಏಕೆಂದರೆ ಆಜ್ಞೆಗಳು ಎಲ್ಲಿವೆ ಎಂದು ಹೇಳುವ ನಿಮ್ಮ ಪಾತ್ ಅನ್ನು ಕ್ರಾನ್ ಓದುವುದಿಲ್ಲ. ಐದು ನಿಮಿಷದಲ್ಲಿ ಮುಗಿಯದ ದೊಡ್ಡ ರೆಪಾಸಿಟರಿಯ ಮೇಲೆ ಎರಡನೆಯ ಸಿಂಕ್ ಹತ್ತಿ ಕೂರುತ್ತದೆ. ಒಂದು ಮುಗಿಯದೆ ಇನ್ನೊಂದು ಶುರುವಾಗದಂತೆ ಅದಕ್ಕೆ ಎಫ್‌ಲಾಕ್ ಕಟ್ಟಬೇಕು. ಸರ್ವರಿನ ಗಡಿಯಾರ ಯುಟಿಸಿಯಲ್ಲಿದ್ದರೆ, ಯಾರಿಗೂ ತೊಂದರೆಯಾಗದಿರಲಿ ಎಂದು ರಾತ್ರಿ 2 ಗಂಟೆಗೆ ಬರೆದ ಭಾರೀ ಕೆಲಸ ನಮ್ಮ ಬೆಳಗಿನ 7.30ಕ್ಕೆ ಏಳುತ್ತದೆ.

ಇವೆಲ್ಲ ಒಂದು ತೂಕವಾದರೆ ಹೆಡ್ಡಿನ ಸಮಾಚಾರ ಇನ್ನೊಂದು. ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಒಂದು ಬೆಳಿಗ್ಗೆ ಬಂದು, "ಸರ್, ಲಕ್ಷ್ಮಣ ಖಾಲಿ" ಎಂದಳು. ಹೋಗಿ ನೋಡಿದರೆ ಭಂಡಾರ ತುಂಬಿ ತುಳುಕುತ್ತಿದೆ. ಗಾತ್ರ ಸರಿ, ಬ್ರಾಂಚುಗಳು ಸರಿ. ಆದರೂ ಕ್ಲೋನ್ ಮಾಡಿದರೆ ಅವಳ ಫೋಲ್ಡರಿನಲ್ಲಿ ಒಂದು ಕಡತವೂ ಇಲ್ಲ. 2020ರ ಸುಮಾರಿಗೆ ಎಲ್ಲರೂ ಮಾಸ್ಟರ್ ಎಂಬ ಬ್ರಾಂಚಿನ ಹೆಸರನ್ನು ಮೇನ್ ಎಂದು ಬದಲಿಸತೊಡಗಿದರಲ್ಲ, ನಮ್ಮಲ್ಲಿ ಆ ಪ್ರಾಜೆಕ್ಟಿನವರಿಗೆ ತಡವಾಗಿ ಜ್ಞಾನೋದಯವಾಗಿ ಹಿಂದಿನ ಸಂಜೆ ಹೆಸರು ಬದಲಿಸಿದ್ದರು. ಲಕ್ಷ್ಮಣ ಹೊಸ ಬ್ರಾಂಚನ್ನು ತಂದುಕೊಂಡಿದ್ದ, ಹಳೆಯದನ್ನು ಪ್ರೂನ್ ಮಾಡಿದ್ದ. ಆದರೆ ಹೆಡ್ ಎಂಬ ಒಂದೇ ಸಾಲಿನ ಕಡತ ಮಾತ್ರ ಇಲ್ಲದ ಮಾಸ್ಟರನ್ನೇ ತೋರಿಸುತ್ತ ಕೂತಿತ್ತು. ಕ್ಲೋನ್ ಮಾಡಲು ಬಂದವರು ಅದು ತೋರಿಸಿದ ಕಡೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಒಂದು ಸಾಲು ತಿದ್ದಿದೆ, ಅವಳ ಫೋಲ್ಡರು ತುಂಬಿತು. ಮಿರರ್ ಎಂದ ಮಾತ್ರಕ್ಕೆ ಎಲ್ಲವೂ ಬರುವುದಿಲ್ಲ. ದೊಡ್ಡ ಕಡತಗಳನ್ನು ಎಲ್‌ಎಫ್‌ಎಸ್‌ನಲ್ಲಿ ಇಟ್ಟಿದ್ದರೆ ಮಿರರಿಗೆ ಬರುವುದು ಮೂರು ಸಾಲಿನ ಒಂದು ಚೀಟಿ ಮಾತ್ರ. ವಿಡಿಯೋ, ಚಿತ್ರಗಳೆಲ್ಲ ಅಲ್ಲೇ ಉಳಿಯುತ್ತವೆ. ಅವುಗಳನ್ನು ತರಲು ಬೇರೆಯೇ ಆಜ್ಞೆ ಬೇಕು.

ಜಾಂಬವಂತನದ್ದು ಸಬ್‌ವರ್ಷನ್ ಸಂಸಾರ. ಅದಕ್ಕೆ ಎಸ್‌ವಿಎನ್‌ಸಿಂಕ್ ಎಂಬ ಸಲಕರಣೆ ಇದೆ, 2006ರಲ್ಲಿ ಬಂದ 1.4ನೆಯ ಆವೃತ್ತಿಯಿಂದ. ಅದು ಮೊದಲ ರಿವಿಷನ್ನಿನಿಂದ ಹಿಡಿದು ಒಂದೊಂದನ್ನೇ ಕ್ರಮವಾಗಿ ಮತ್ತೆ ಆಡಿಸುತ್ತ ಬರುತ್ತದೆ. ಆ ಶಿಸ್ತು ನೋಡಲು ಚೆಂದ. ಕೆಲಸ ಶುರು ಮಾಡುವ ಮುಂಚೆ ಸೊನ್ನೆ ನಂಬರಿನ ರಿವಿಷನ್ನಿನ ಮೇಲೆ ತನ್ನ ಹೆಸರಿನ ಒಂದು ಬೀಗ ಜಡಿಯುತ್ತದೆ, ಮುಗಿದ ಮೇಲೆ ತೆಗೆಯುತ್ತದೆ. ನಡುವೆ ಕರೆಂಟು ಹೋದರೆ ಬೀಗ ಹಾಗೇ ಉಳಿಯುತ್ತದೆ. ಮುಂದಿನ ಸಲ ಅದೇ ಎಸ್‌ವಿಎನ್‌ಸಿಂಕ್ ಬಂದು, ಇದನ್ನು ಯಾರೋ ಹಿಡಿದುಕೊಂಡಿದ್ದಾರೆ ಎಂದು ಒಂದೊಂದು ಸೆಕೆಂಡು ಕಾದು ಕಾದು ವಾಪಸಾಗುತ್ತದೆ. ಹಿಡಿದುಕೊಂಡವರ ಹೆಸರನ್ನೂ ಹೇಳುತ್ತದೆ, ಅದು ಅದೇ ಯಂತ್ರದ ಹೆಸರು. ಬೀಗ ಹಾಕಿದವನೂ ತಾನೇ, ಹೊರಗೆ ಕಾಯುವವನೂ ತಾನೇ. ಕೈಯಿಂದ ಆ ಬೀಗ ತೆಗೆಯುವಾಗ ಪ್ರತಿ ಸಲವೂ ನನಗೆ ನಗು ಬರುತ್ತದೆ.

ಇಷ್ಟೆಲ್ಲ ಮುಗಿದು ಲಕ್ಷ್ಮಣ ತಪ್ಪದೆ ಓಡತೊಡಗಿದ ಮೇಲೆ ಒಂದು ನೆಮ್ಮದಿ ಬರುತ್ತದೆ: ಎರಡು ಕಡೆ ಇದೆ, ಇನ್ನೇನು ಭಯ? ನನ್ನ ತಕರಾರು ಈ ನೆಮ್ಮದಿಯ ಮೇಲೆ. ಲಕ್ಷ್ಮಣನ ಗುಣವೇ ಅಣ್ಣ ಹೇಳಿದ್ದನ್ನು ಪ್ರಶ್ನಿಸದೆ ಮಾಡುವುದು. ರಾಮನಲ್ಲಿ ಯಾರೋ ಒಂದು ಬ್ರಾಂಚನ್ನು ಅಳಿಸಿದರೆ ಐದು ನಿಮಿಷದಲ್ಲಿ ಲಕ್ಷ್ಮಣನಲ್ಲೂ ಅದು ಅಳಿಯುತ್ತದೆ. ಯಾರೋ ಆತುರಗಾರ ಫೋರ್ಸ್ ಪುಶ್ ಮಾಡಿ ಚರಿತ್ರೆಯನ್ನೇ ತಿದ್ದಿದರೆ ಲಕ್ಷ್ಮಣನೂ ಶ್ರದ್ಧೆಯಿಂದ ತಿದ್ದಿಕೊಳ್ಳುತ್ತಾನೆ. ಡಿಸ್ಕು ಸುಟ್ಟುಹೋದರೆ ಅವನು ಕಾಪಾಡುತ್ತಾನೆ. ಮನುಷ್ಯನ ಕೈ ತಪ್ಪಿದರೆ ಕಾಪಾಡುವುದಿಲ್ಲ. ಆಗುವ ಅನಾಹುತಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು.

ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗಕ್ಕೆ ಇದು 2013ರ ಮಾರ್ಚಿನಲ್ಲಿ ಚೆನ್ನಾಗಿ ಅರ್ಥವಾಯಿತು. ಅವರ ಮುಖ್ಯ ಗಿಟ್ ಸರ್ವರಿನಲ್ಲಿ ಸುಮಾರು 1500 ರೆಪಾಸಿಟರಿಗಳಿದ್ದವು, ಅದನ್ನು ಹಿಂಬಾಲಿಸುವ ಮಿರರುಗಳು ಬೇರೆ ಬೇರೆ ಕಡೆ ಇದ್ದವು. ಭದ್ರತೆಯ ಅಪ್‌ಡೇಟಿಗೆಂದು ಮುಖ್ಯ ಸರ್ವರನ್ನು ನಿಲ್ಲಿಸಿ ಮತ್ತೆ ಏಳಿಸಿದರು. ಎದ್ದು ನೋಡಿದರೆ ಫೈಲ್‌ಸಿಸ್ಟಮ್ ಕೆಟ್ಟಿತ್ತು. ಯಾವ ಯಾವ ರೆಪಾಸಿಟರಿಗಳಿವೆ ಎಂಬ ಪಟ್ಟಿಯನ್ನು ಮಿರರುಗಳು ಆಗಾಗ ಈ ಸರ್ವರಿನಿಂದಲೇ ತರಿಸಿಕೊಳ್ಳುತ್ತಿದ್ದವು. ಪಟ್ಟಿಯೂ ಕೆಟ್ಟಿದ್ದರಿಂದ ಅದರಲ್ಲಿ ಬಹುಪಾಲು ಹೆಸರುಗಳೇ ಇರಲಿಲ್ಲ. ಮಿರರುಗಳು ಏನು ಮಾಡಬೇಕು? ಹೆಸರಿಲ್ಲದವನ್ನು ಅಳಿಸಬೇಕು. ಅಳಿಸಿದವು, ಒಂದೊಂದಾಗಿ, ಅಚ್ಚುಕಟ್ಟಾಗಿ. ವರ್ಷಗಟ್ಟಲೆ ನೂರಾರು ಜನ ಬರೆದದ್ದು ಇರುವ ಕಡೆಗಳಲ್ಲೆಲ್ಲ ಏಕಕಾಲಕ್ಕೆ ಇಲ್ಲವಾಗುತ್ತಿತ್ತು. ಒಂದು ಸರ್ವರಿನಲ್ಲಿ ಮಾತ್ರ ಅದೃಷ್ಟವಶಾತ್ ಪೂರ್ತಿ ಪ್ರತಿ ಉಳಿದಿತ್ತು. ಎಲ್ಲವನ್ನೂ ಅಲ್ಲಿಂದ ಎತ್ತಿ ನಿಲ್ಲಿಸಿದರು. ತಮ್ಮ ವ್ಯವಸ್ಥೆ ಎಲ್ಲಿ ತಪ್ಪಿತು ಎಂದು ಆ ಬಳಗದವರು ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಆ ದೊಡ್ಡತನದಿಂದಲೇ ಈ ಕಥೆ ನಮಗೆ ಸಿಕ್ಕಿದೆ.

ಇನ್ನೊಂದು ಕಥೆ ಗಿಟ್‌ಲ್ಯಾಬ್ ಎಂಬ ಕೋಡಿನ ತಾಣದ್ದು. 2017ರ ಜನವರಿ 31. ಎರಡು ಡೇಟಾಬೇಸುಗಳ ನಡುವಿನ ಸಿಂಕ್ ಕೆಟ್ಟು ಕೂತಿದೆ. ರಾತ್ರಿ ಹೊತ್ತು ಸರಿಪಡಿಸಲು ಕೂತ ಇಂಜಿನಿಯರು ನಕಲಿನ ಡೈರೆಕ್ಟರಿ ಎಂದುಕೊಂಡು ಅಸಲಿನದ್ದನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲೇ ತಿಳಿದು ನಿಲ್ಲಿಸಿದರು; ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5. ಬ್ಯಾಕಪ್ಪಿಗೆ ಐದು ಬಗೆಯ ಏರ್ಪಾಡು ಇತ್ತು. ಐದರಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಅದರಲ್ಲೊಂದು ದಿನವೂ ವಿಫಲವಾಗುತ್ತಿತ್ತು, ವಿಫಲವಾಗಿದ್ದೇನೆ ಎಂದು ಮೇಲ್ ಕೂಡ ಕಳಿಸುತ್ತಿತ್ತು. ಆ ಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲವೆಂದು ಮೇಲ್ ಸರ್ವರು ಅವನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಪ್ರತಿ. ಕೋಡಿನ ರೆಪಾಸಿಟರಿಗಳು ಉಳಿದವು, ಆರು ಗಂಟೆಗಳ ಉಳಿದ ವ್ಯವಹಾರ ಹೋಯಿತು.

ಎರಡು ಕಥೆಯಲ್ಲೂ ಉಳಿಸಿದ್ದು ಯಾವುದು ನೋಡಿ. ಚುರುಕಾಗಿ ಹಿಂಬಾಲಿಸುತ್ತಿದ್ದ ಪ್ರತಿಯಲ್ಲ, ಆ ಹೊತ್ತಿಗೆ ಹಿಂಬಾಲಿಸದೆ ಉಳಿದಿದ್ದ ಪ್ರತಿ. ಅದನ್ನು ಅದೃಷ್ಟದ ಕೈಗೆ ಬಿಡುವ ಬದಲು ಬೇಕೆಂದೇ ಒಂದನ್ನು ಹಿಂದೆ ಬೀಳಿಸಿ ಇಡಬಾರದೇಕೆ ಎಂದು ಕೇಳಿ, ಸಾಕಷ್ಟು ಮಾತು ಕೇಳಿಸಿಕೊಂಡು, ಒಂದು ಹಳೆಯ ಡೆಸ್ಕ್‌ಟಾಪನ್ನು ಗಿಟ್ಟಿಸಿಕೊಂಡೆ. ಭಾನುವಾರ ಮಾತ್ರ ಏಳುತ್ತದೆ, ಎದ್ದ ದಿನ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ಮತ್ತೆ ಮಲಗುತ್ತದೆ. ಹೆಸರಿಗಾಗಿ ಯಾರೂ ತಲೆ ಕೆರೆದುಕೊಳ್ಳಬೇಕಾಗಲಿಲ್ಲ.

ಕುಂಭಕರ್ಣನ ಕಾನ್ಫಿಗ್ ಕಡತ ಲಕ್ಷ್ಮಣನದ್ದರ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಬಹಳ ಚಿಕ್ಕದು. ಮಿರರ್ ಮಾಡಿದಾಗ ಗಿಟ್ ತಾನಾಗಿ ಬರೆದುಕೊಳ್ಳುವ ಸಾಲು ಹೀಗಿರುತ್ತದೆ: ಫೆಚ್ = +ರೆಫ್ಸ್/*:ರೆಫ್ಸ್/*. ಮೊದಲಲ್ಲಿರುವ ಆ ಪ್ಲಸ್ ಚಿಹ್ನೆಯ ತಾತ್ಪರ್ಯ, ಅಲ್ಲಿ ಚರಿತ್ರೆ ತಿದ್ದಿದ್ದರೆ ಇಲ್ಲಿಯೂ ಕಣ್ಣು ಮುಚ್ಚಿ ತಿದ್ದು ಎಂದು. ಕುಂಭಕರ್ಣನಲ್ಲಿ ಆ ಪ್ಲಸ್ ಇಲ್ಲ. ಬ್ರಾಂಚಿನ ಹಳೆಯ ಚರಿತ್ರೆಯ ಮುಂದುವರಿಕೆಯಾಗಿ ಬಂದದ್ದನ್ನು ಮಾತ್ರ ಅವನು ಒಪ್ಪುತ್ತಾನೆ. ಹಿಂದಿನದನ್ನು ಹರಿದು ಹೊಸದಾಗಿ ಬರೆದದ್ದು ಬಂದರೆ ನಿರಾಕರಿಸಿ ನನಗೆ ದೂರು ಕೊಡುತ್ತಾನೆ. ಪ್ರೂನ್ ಇಲ್ಲ, ಆದ್ದರಿಂದ ಅಲ್ಲಿ ಅಳಿದದ್ದು ಇಲ್ಲಿ ಉಳಿಯುತ್ತದೆ. ಇವನ ಬಳಿ ರಾಮನಿಂದ ಓದುವ ಕೀಲಿ ಇದೆ, ರಾಮನ ಬಳಿ ಇವನ ಕೀಲಿ ಇಲ್ಲ. ರಾಮನೊಳಗೆ ಕಳ್ಳ ಹೊಕ್ಕರೂ ಇವನ ತನಕ ಬರುವ ದಾರಿ ಅವನಿಗೆ ಅಲ್ಲಿ ಸಿಗುವುದಿಲ್ಲ. ತಂದದ್ದನ್ನು ಗಿಟ್ ಎಫ್‌ಎಸ್‌ಸಿಕೆ ಹಾಕಿ ಒಂದೊಂದು ವಸ್ತುವಿನ ಹ್ಯಾಶೂ ಸರಿಯಿದೆಯೇ ಎಂದು ನೋಡುತ್ತಾನೆ. ಎಲ್ಲ ಸರಿಯಿದ್ದರೂ ಮೇಲ್ ಕಳಿಸುತ್ತಾನೆ. ಇದು ಗಿಟ್‌ಲ್ಯಾಬ್ ಕಥೆಯಿಂದ ಕಲಿತದ್ದು. ಸೋತಾಗ ಮಾತ್ರ ಮೇಲ್ ಕಳಿಸುವ ಸರ್ವರು ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಸೋಮವಾರ ಬೆಳಿಗ್ಗೆ ಕುಂಭಕರ್ಣನ ಮೇಲ್ ಕಾಣದಿದ್ದರೆ ಕಾಫಿಗಿಂತ ಮುಂಚೆ ಅವನನ್ನು ನೋಡುತ್ತೇನೆ. ಆಗಾಗ ಒಂದು ಖಾಲಿ ಯಂತ್ರಕ್ಕೆ ಅವನಿಂದಲೇ ಕ್ಲೋನ್ ಮಾಡಿ, ಬಿಲ್ಡ್ ಆಗುತ್ತದೆಯೇ ಎಂದು ಪರೀಕ್ಷೆ ಮಾಡುತ್ತೇನೆ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

"ಒಂದು ವಾರ ಹಿಂದಿನದನ್ನು ಇಟ್ಟುಕೊಂಡು ಏನ್ರೀ ಮಾಡೋದು?" ಎಂದು ಮ್ಯಾನೇಜರು ಈಗಲೂ ಕೇಳುತ್ತಾರೆ. ವಾಲ್ಮೀಕಿಯ ಕುಂಭಕರ್ಣನನ್ನು ನಾವು ತಿಂಡಿಪೋತನೆಂದಷ್ಟೇ ನೆನೆಯುತ್ತೇವೆ. ಅಣ್ಣನ ಸಭೆಯಲ್ಲಿ ನಿಂತು, ನೀನು ಮಾಡಿದ್ದು ಸರಿಯಲ್ಲ ಎಂದು ಮುಖಕ್ಕೆ ಹೇಳಿದವನೂ ಅವನೇ, ಹೇಳಿದ ಮೇಲೆ ಯುದ್ಧಕ್ಕೆ ಹೋದವನೂ ಅವನೇ. ಪ್ರತಿಯೊಂದು ವ್ಯವಸ್ಥೆಗೂ ಇಂಥವನೊಬ್ಬ ಬೇಕು ಎಂದು ನಾನು ಹೇಳಿದರೆ ಅವರು ನಕ್ಕು ಬಿಲ್ಲಿಗೆ ಸಹಿ ಹಾಕುತ್ತಾರೆ. ಟೊರ್ವಾಲ್ಡ್ಸ್ 1996ರಲ್ಲಿ ತಮಾಷೆಗೆ ಹೇಳಿದ್ದರು: ಪುಕ್ಕಲರು ಟೇಪಿನಲ್ಲಿ ಬ್ಯಾಕಪ್ ಇಡುತ್ತಾರೆ, ಗಂಡೆದೆಯವರು ಎಫ್‌ಟಿಪಿಗೆ ಹಾಕಿ ಜಗತ್ತೇ ಅದನ್ನು ನಕಲು ಮಾಡಿಕೊಳ್ಳಲಿ ಎಂದು ಬಿಡುತ್ತಾರೆ, ಎಂಬರ್ಥದ ಮಾತು. ಲಿನಕ್ಸಿಗೆ ಅದು ಒಪ್ಪುತ್ತದೆ. ಅದನ್ನು ನಕಲು ಮಾಡಿಕೊಳ್ಳಲು ಜಗತ್ತು ನಿಜಕ್ಕೂ ಕಾದು ನಿಂತಿದೆ. ನಮ್ಮ ಆಫೀಸಿನ ಲೆಕ್ಕಪತ್ರದ ಕೋಡಿಗಾಗಿ ಯಾರೂ ಕಾದಿಲ್ಲ. ನಮ್ಮಂಥವರಿಗೆ ಪುಕ್ಕಲುತನವೇ ಲೇಸು.

ಇದು ಕೋಡು ಬರೆಯುವವರ ಪಾಡು, ನಮಗೇಕೆ ಎನ್ನಬೇಡಿ. ನಿಮ್ಮ ಕಿಸೆಯ ಫೋನಿನಲ್ಲಿ ಮಗುವಿನ ಮೊದಲ ಹೆಜ್ಜೆಯಿಂದ ಹಿಡಿದು ಅಜ್ಜಿಯ ಕೊನೆಯ ಫೋಟೋದವರೆಗೆ ಎಲ್ಲವೂ ಇದೆ. ಅದು ಕ್ಲೌಡ್‌ನೊಂದಿಗೆ ಸಿಂಕ್ ಆಗುತ್ತಿದೆ ಎಂಬ ಧೈರ್ಯದಲ್ಲಿ ನೀವಿದ್ದೀರಿ. ಜಾಗ ಸಾಲದೆಂದು ಒಂದು ಸಂಜೆ ಫೋನಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ವಾರ ಇದ್ದು ಅಲ್ಲಿಂದಲೂ ಹೋಗುತ್ತದೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಆದ್ದರಿಂದ ಒಂದು ಹೊರಗಿನ ಡಿಸ್ಕು ಕೊಳ್ಳಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಲ್ಲವನ್ನೂ ಅದಕ್ಕೆ ಇಳಿಸಿ. ನಾಲ್ಕು ಫೋಟೋ ತೆರೆದು ನೋಡಿ. ಆಮೇಲೆ ವೈರು ಕಿತ್ತು, ಯಾವುದಕ್ಕೂ ಸಿಂಕ್ ಆಗದಂತೆ ಬೀರುವಿನಲ್ಲಿ ಇಡಿ.